ಸರ್ಕಾರದ ಸೌಲಭ್ಯವೂ ನಮ್ಮ ಊರಿನ ಸಂಘಗಳೂ



ತೆಂಗಿನ ಸಸಿಗೆ ಗುಂಡಿ ಎಷ್ಟು ಆಳ ತೆಗೆಯಬೇಕು, ಕಾಂಡದಿಂದ ಕಂದು ರಸ ಸೋರುವ ಮರಕ್ಕೆ ಏನು ಉಪಚಾರ ಮಾಡಬೇಕು ಎಂಬಂಥ ಪಾಠಗಳನ್ನು ನೀವು ಈ ಪತ್ರಿಕೆಯಲ್ಲಿ ಓದುತ್ತ ಬಂದಿದ್ದೀರಿ. ಈ ಸಲದ ಪಾಠ ಮರದ್ದಲ್ಲ, ಕಾಗದದ್ದು. ಕಾಗದದ ಪಾಠವೆಂದು ಪುಟ ಮಗುಚಬೇಡಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಯಾವ ಹಳ್ಳಿಗೇ ಹೋಗಿ ನೋಡಿ, ತೋಟದ ಯಜಮಾನನಿಗಿಂತ ಬಡವರಾದ ಹತ್ತು ಮಂದಿಯ ಕೈ ದಾಟಿಯೇ ಕೊಬ್ಬರಿ ಪೇಟೆ ಸೇರುತ್ತದೆ. ಮರ ಹತ್ತಿ ಕಾಯಿ ಕೆಡಹುವವರು, ಸಿಪ್ಪೆ ಸುಲಿಯುವವರು, ಅಟ್ಟದಿಂದ ಇಳಿಸಿದ ಕಾಯಿಯ ಚಿಪ್ಪು ಒಡೆಯುವ ಹೆಂಗಸರು, ನಾರು ಬಿಡಿಸುವವರು. ಇಂಥವರಿಗೆಂದೇ ಸರ್ಕಾರ ತೆಗೆದಿಟ್ಟಿರುವ ಪಿಂಚಣಿ, ವಿಮೆ, ಚಿಕಿತ್ಸೆಯ ಹಣ ಎಷ್ಟೋ ಉಂಟು. ಅದರಲ್ಲಿ ಒಂದಿಷ್ಟು ಊರ ಬಾಗಿಲವರೆಗೆ ಬಂದು ಒಳಗೆ ಬಾರದೆ ನಿಂತಿದೆ. ಅದನ್ನು ಒಳಗೆ ಕರೆತರುವ ಕೆಲಸದಲ್ಲಿ ನಿಮ್ಮ ಹಾಲಿನ ಸಂಘ, ಪತ್ತಿನ ಸಂಘ, ಸ್ತ್ರೀಶಕ್ತಿ ಗುಂಪು ಏನು ಮಾಡಬಲ್ಲವು ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಬಡವರಿಗೆ ತಿಳಿವಳಿಕೆ ಸಾಲದು, ಅದಕ್ಕೇ ಸೌಲಭ್ಯ ಸಿಗುವುದಿಲ್ಲ ಎಂದು ಹೇಳುವವರುಂಟು. ನನಗೆ ಈ ಮಾತು ಪೂರ್ತಿ ಒಪ್ಪಿಗೆಯಿಲ್ಲ. ಕೂಲಿಯವನಿಗೆ ಪಿಂಚಣಿಯ ಸುದ್ದಿ ಗೊತ್ತಿರುತ್ತದೆ. ಆದರೆ ನಾಡಕಚೇರಿಗೆ ಒಂದು ದಿನ, ಬ್ಯಾಂಕಿಗೆ ಒಂದು ದಿನ, ಹೆಸರು ತಿದ್ದಿಸಲು ಇನ್ನೊಂದು ದಿನ ಎಂದು ಮೂರು ದಿನ ಓಡಾಡಿದರೆ ಮೂರು ದಿನದ ಕೂಲಿ ಹೋಯಿತು, ಬಸ್ಸಿನ ಖರ್ಚು ಬೇರೆ. ನಾಲ್ಕನೆಯ ಸಲ "ಇನ್ನೊಂದು ಕಾಗದ ತನ್ನಿ" ಎಂದಾಗ ಆತ ಸುಮ್ಮನೆ ಮನೆಗೆ ಹೋಗುತ್ತಾನೆ. ಅವನದು ಅಜ್ಞಾನವಲ್ಲ, ಲೆಕ್ಕಾಚಾರ. ಆ ನಾಲ್ಕನೆಯ ಸಲದ ಖರ್ಚನ್ನು ಹತ್ತು ಜನ ಹಂಚಿಕೊಂಡರೆ ಹಗುರವಾಗುತ್ತದೆ. ಸಂಘ ಎಂಬುದು ಹುಟ್ಟಿದ್ದೇ ಇದಕ್ಕೆ. ಗದಗ ಸೀಮೆಯ ಕಣಗಿನಹಾಳದಲ್ಲಿ ೧೯೦೫ರಲ್ಲಿ ರೈತರು ಸಹಕಾರ ಸಂಘ ಕಟ್ಟಿದ್ದೂ ಒಬ್ಬೊಬ್ಬರಾಗಿ ಹೊರಲಾಗದ ಸಾಲದ ಭಾರವನ್ನು ಕೂಡಿ ಹೊರುವುದಕ್ಕಾಗಿಯೇ.

ಯಶಸ್ವಿನಿ ಕಲಿಸಿದ್ದು

ಸಂಘದ ಮೂಲಕ ಸೌಲಭ್ಯ ಹೇಗೆ ಬರುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಒಳ್ಳೆಯ ಉದಾಹರಣೆ ಇದೆ. ೨೦೦೩ರಲ್ಲಿ ಯಶಸ್ವಿನಿ ಸಹಕಾರಿ ರೈತರ ಆರೋಗ್ಯ ಯೋಜನೆ ಆರಂಭವಾಯಿತು. ಆಗ ಒಬ್ಬ ಸದಸ್ಯನ ವಂತಿಗೆ ತಿಂಗಳಿಗೆ ೫ ರೂಪಾಯಿ, ವರ್ಷಕ್ಕೆ ೬೦ ರೂಪಾಯಿ. ಅಷ್ಟು ಕಟ್ಟಿದವನಿಗೆ ಗೊತ್ತುಪಡಿಸಿದ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ಕೈಯಿಂದ ಹಣ ತೆರಬೇಕಾಗಿರಲಿಲ್ಲ. ಮೊದಲ ವರ್ಷವೇ ಸುಮಾರು ೧೬ ಲಕ್ಷ ಜನ ಸೇರಿದರು. ಯೋಚಿಸಿ ನೋಡಿ, ಸರ್ಕಾರ ಹೊಸದಾಗಿ ಕಚೇರಿ ತೆರೆದು, ಗುಮಾಸ್ತರನ್ನು ನೇಮಿಸಿ, ಮನೆಮನೆಗೆ ಕಳಿಸಿದ್ದರೆ ಒಂದು ವರ್ಷದಲ್ಲಿ ಅಷ್ಟು ಜನ ಸೇರುತ್ತಿದ್ದರೇ? ಹೆಸರು ಬರೆದುಕೊಂಡದ್ದು, ವಂತಿಗೆ ಕೂಡಿಸಿದ್ದು, ಕಾರ್ಡು ಹಂಚಿದ್ದು ಊರಿನ ಸಂಘಗಳು. ಬೆಳಿಗ್ಗೆ ಸಂಜೆ ಹಾಲು ಹಾಕಲು ಹೋಗುವ ಜಾಗದಲ್ಲೇ ಆ ಕೆಲಸವೂ ಮುಗಿಯಿತು. ಹಾಲಿನ ಲೆಕ್ಕದ ಪುಸ್ತಕ ಬರೆಯುವ ಕಾರ್ಯದರ್ಶಿಗೆ ಯಾರ ಮನೆಯಲ್ಲಿ ಎಷ್ಟು ಜನ, ಯಾರಿಗೆ ಯಾವ ಕಾಯಿಲೆ ಎಂಬುದು ಗೊತ್ತೇ ಇರುತ್ತದೆ.

೨೦೧೮ರಲ್ಲಿ ಈ ಯೋಜನೆಯನ್ನು ಆರೋಗ್ಯ ಕರ್ನಾಟಕದಲ್ಲಿ ಸೇರಿಸಿ ನಿಲ್ಲಿಸಲಾಯಿತು. ಮತ್ತೆ ೨೦೨೩ರ ಜನವರಿಯಿಂದ ಹೊಸದಾಗಿ ನಡೆಯುತ್ತಿದೆ. ಹೊಸ ಏರ್ಪಾಡಿನಲ್ಲಿ ಗ್ರಾಮಾಂತರದ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ ೫೦೦ ರೂಪಾಯಿ ವಂತಿಗೆ ಎಂದು ಗೊತ್ತು ಮಾಡಿದರು. ಪರಿಶಿಷ್ಟ ಜಾತಿ ಮತ್ತು ಪಂಗಡದವರ ವಂತಿಗೆಯನ್ನು ಸರ್ಕಾರವೇ ಭರಿಸುತ್ತದೆ. ಕುಟುಂಬಕ್ಕೆ ವರ್ಷದಲ್ಲಿ ೫ ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಆದರೆ ನೆನಪಿಡಿ, ಹೆಸರು ಬರೆಸಲು ವರ್ಷವೆಲ್ಲ ಅವಕಾಶವಿಲ್ಲ, ಗೊತ್ತಾದ ತಿಂಗಳುಗಳಲ್ಲಿ ಮಾತ್ರ. ಹೊಟ್ಟೆನೋವು ಬಂದ ಮೇಲೆ ಸಂಘದ ಬಾಗಿಲು ಬಡಿದರೆ ಕಾರ್ಯದರ್ಶಿಯೂ ಏನೂ ಮಾಡಲಾರ.

ಇಲ್ಲಿ ಒಂದು ತೊಡಕನ್ನು ಮುಚ್ಚಿಡದೆ ಹೇಳಬೇಕು. ಸಹಕಾರ ಸಂಘದ ಸದಸ್ಯನಾಗಿದ್ದರೆ ತಾನೇ ಯಶಸ್ವಿನಿ? ನಮ್ಮ ಊರುಗಳಲ್ಲಿ ಪತ್ತಿನ ಸಂಘದ ಸದಸ್ಯರು ಪಹಣಿ ಉಳ್ಳವರು. ಹಾಲಿನ ಸಂಘದ ಸದಸ್ಯರು ಹಸು ಉಳ್ಳವರು. ಪಹಣಿಯೂ ಇಲ್ಲದ, ಹಸುವೂ ಇಲ್ಲದ ಮನೆಯೇ ಎಲ್ಲರಿಗಿಂತ ಹೆಚ್ಚಾಗಿ ಚಿಕಿತ್ಸೆಯ ಹಣ ಬೇಕಾದ ಮನೆ, ಅದೇ ಹೊರಗುಳಿಯುತ್ತದೆ. ಇದಕ್ಕೆ ದಾರಿ ಇಲ್ಲದೆ ಇಲ್ಲ. ಸಹಕಾರ ಸಂಘಕ್ಕೆ ಸೇರಿದ ಸ್ವಸಹಾಯ ಗುಂಪಿನ ಹೆಂಗಸರಿಗೂ ಅವಕಾಶ ಕೊಟ್ಟಿದ್ದಾರೆ. ಆದುದರಿಂದ ಆಡಳಿತ ಮಂಡಳಿಯಲ್ಲಿ ಕೂತಿರುವ ಬಾಂಧವರು ಮುಂದಿನ ಸಭೆಯಲ್ಲಿ ಒಂದು ಕೆಲಸ ಮಾಡಲಿ: ಊರಿನ ಮನೆಗಳ ಪಟ್ಟಿಯನ್ನೂ ಸಂಘದ ಸದಸ್ಯರ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ಓದಲಿ. ಎರಡನೆಯದರಲ್ಲಿ ಇಲ್ಲದ ಹೆಸರುಗಳು ಯಾವ ಕೇರಿಯವು ಎಂಬುದು ಕಣ್ಣಿಗೆ ಬೀಳುತ್ತದೆ. ಅದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಮರ ಹತ್ತುವವನ ವಿಮೆ

ನಮ್ಮ ಸೀಮೆಗೆ ಅತ್ಯಂತ ಹತ್ತಿರವಾದ, ಆದರೆ ಅತ್ಯಂತ ಕಡಿಮೆ ಜನಕ್ಕೆ ಗೊತ್ತಿರುವ ಸೌಲಭ್ಯ ಇದು. ಅದಕ್ಕಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಬರೆಯುತ್ತೇನೆ.

ತಿಪಟೂರಿನ ಎತ್ತರ ತಳಿಯ ಹಳೆಯ ಮರ ಎಷ್ಟು ಎತ್ತರ ಬೆಳೆಯುತ್ತದೆ ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಪಾಚಿ ಹಿಡಿದ ಕಾಂಡ, ಒಣಗಿದ ಗರಿ, ಸುಳಿಯಲ್ಲಿ ಕಣಜ. ಮೇಲಿನಿಂದ ಬಿದ್ದವನು ಬದುಕಿದರೆ ಸೊಂಟ ಮುರಿದು ಬದುಕುತ್ತಾನೆ. ನನ್ನ ವೃತ್ತದ ಒಂದು ಹಳ್ಳಿಯಲ್ಲಿ ಹೀಗೆ ಬಿದ್ದ ಒಬ್ಬಾತ ಈಗ ಜಗಲಿಯ ಮೇಲೆ ಕೂತು ಗರಿಯ ಕಡ್ಡಿ ಸೀಳಿ ಪೊರಕೆ ಕಟ್ಟುತ್ತಾನೆ. ತೋಟದವರು ಕೈಲಾದಷ್ಟು ಕೊಟ್ಟರು, ಜಾತ್ರೆಯಲ್ಲಿ ಊರವರು ಒಂದಿಷ್ಟು ಕೂಡಿಸಿದರು. ಆಸ್ಪತ್ರೆಯ ಸಾಲ ಮಾತ್ರ ಹಾಗೇ ಇದೆ. ಆತನ ಹೆಸರಿನಲ್ಲಿ ವಿಮೆ ಇರಲಿಲ್ಲ. ಅಂಥದೊಂದು ವಿಮೆ ಇದೆ ಎಂಬುದು ಆತನಿಗೂ, ತೋಟದವರಿಗೂ, ಊರಿನ ಸಂಘಕ್ಕೂ ಗೊತ್ತಿರಲಿಲ್ಲ.

ಕೊಚ್ಚಿಯಲ್ಲಿ ಕೇಂದ್ರ ಕಚೇರಿ ಇರುವ ತೆಂಗು ಅಭಿವೃದ್ಧಿ ಮಂಡಳಿ ೧೯೮೧ರಲ್ಲಿ ಸ್ಥಾಪನೆಯಾದ ಕೇಂದ್ರ ಸರ್ಕಾರದ ಸಂಸ್ಥೆ. ಅದರ ಪ್ರಾದೇಶಿಕ ಕಚೇರಿ ಬೆಂಗಳೂರಿನಲ್ಲಿದೆ. ಈ ಮಂಡಳಿ ಮರ ಹತ್ತುವವರಿಗಾಗಿ 'ಕೇರ ಸುರಕ್ಷಾ' ಎಂಬ ಅಪಘಾತ ವಿಮೆಯನ್ನು ನಡೆಸುತ್ತಿದೆ. ಕಾಯಿ ಕೆಡಹುವವರು, ನೀರಾ ಇಳಿಸುವವರು ಇದಕ್ಕೆ ಸೇರಬಹುದು. ವಯಸ್ಸು ೧೮ರಿಂದ ೬೫. ಮೊದಲು ೫ ಲಕ್ಷ ರೂಪಾಯಿ ಇದ್ದ ವಿಮೆಯ ಮೊತ್ತ ಈಗ ೭ ಲಕ್ಷಕ್ಕೆ ಏರಿದೆ. ವರ್ಷದ ಕಂತು ೯೫೬ ರೂಪಾಯಿ. ಅದರಲ್ಲಿ ಹತ್ತುವವನು ಕಟ್ಟಬೇಕಾದ ಪಾಲನ್ನು ೨೩೯ರಿಂದ ೧೪೩ ರೂಪಾಯಿಗೆ ಇಳಿಸಿದ್ದಾರೆ, ಉಳಿದದ್ದನ್ನು ಮಂಡಳಿ ತೆರುತ್ತದೆ. ಈ ದರಗಳು ಆಗಾಗ ಬದಲಾಗುವುದುಂಟು. ಹಣ ಕಟ್ಟುವ ಮೊದಲು ಒಮ್ಮೆ ಕೇಳಿ ತಿಳಿಯುವುದು ಒಳ್ಳೆಯದು. ಸಾವಿಗೆ ಮಾತ್ರ ಪರಿಹಾರವೆಂದು ತಿಳಿಯಬೇಡಿ. ಅಂಗ ಊನವಾದರೆ, ಆಸ್ಪತ್ರೆಗೆ ಸೇರಿದರೆ, ಕೆಲವು ವಾರ ಕೆಲಸಕ್ಕೆ ಹೋಗಲಾಗದಿದ್ದರೆ ಅದಕ್ಕೂ ಬೇರೆ ಬೇರೆ ಮೊತ್ತ ಗೊತ್ತು ಮಾಡಿದೆ.

ಈಗ ನಮ್ಮ ವಿಷಯಕ್ಕೆ ಬರೋಣ. ಈ ಅರ್ಜಿಯ ಮೇಲೆ ಆತ ಮರ ಹತ್ತುವ ಕಸುಬಿನವನೇ ಹೌದೆಂದು ಯಾರಾದರೂ ದೃಢೀಕರಿಸಿ ಸಹಿ ಹಾಕಬೇಕು. ಕೃಷಿ ಅಧಿಕಾರಿ ಹಾಕಬಹುದು, ಪಂಚಾಯಿತಿ ಅಧ್ಯಕ್ಷರು ಹಾಕಬಹುದು. ಇವರಲ್ಲದೆ ತೆಂಗು ಬೆಳೆಗಾರರ ಒಕ್ಕೂಟದ ಪದಾಧಿಕಾರಿಗಳು, ತೆಂಗು ಉತ್ಪಾದಕರ ಕಂಪನಿಯ ನಿರ್ದೇಶಕರು ಕೂಡ ಹಾಕಬಹುದು. ಅಂದರೆ ಬೆಳೆಗಾರರ ಸಂಸ್ಥೆಯ ಒಂದು ಸಹಿಯಿಂದ ಬೆಳೆಗಾರನಲ್ಲದ ಬಡವನಿಗೆ ೭ ಲಕ್ಷದ ಆಸರೆ ದೊರೆಯುತ್ತದೆ. ನಿಮ್ಮ ತೋಟಕ್ಕೆ ಎಂಟು ಹತ್ತು ವರ್ಷದಿಂದ ಬರುತ್ತಿರುವ ಆಳು ಈ ಕಸುಬಿನವನೇ ಎಂದು ನಿಮಗಿಂತ ಚೆನ್ನಾಗಿ ಯಾರು ಹೇಳಬಲ್ಲರು?

ಒಂದು ಹಳ್ಳಿಯಲ್ಲಿ ಇಂಥವರು ಐದು ಜನ ಇರಬಹುದು, ಏಳು ಜನ ಇರಬಹುದು. ಏಳು ಜನರ ಪಾಲು ಒಟ್ಟು ೧,೦೦೧ ರೂಪಾಯಿ. ದೊಡ್ಡ ತೋಟದವರು ಒಂದು ಕೊಯ್ಲಿನಲ್ಲಿ ಎಳನೀರಿಗೆಂದು ಬಿಟ್ಟುಕೊಡುವ ಕಾಯಿಯ ಬೆಲೆಯೂ ಅಲ್ಲ. ಸಂಘವೇ ಇದನ್ನು ಕಟ್ಟಿದರೆ ಯಾರ ಗಂಟೂ ಕರಗುವುದಿಲ್ಲ. ಆದರೆ ದಾನವೆಂದು ಕೊಡಬೇಡಿ, ಕೂಲಿಯ ಭಾಗವೆಂದು ಕೊಡಿ. ದಾನವೆಂದರೆ ಮುಂದಿನ ವರ್ಷ ಮರೆತುಹೋಗುತ್ತದೆ. ವಿಮೆಯೋ ಪ್ರತಿ ವರ್ಷ ನವೀಕರಿಸಿದರೆ ಮಾತ್ರ ಜೀವಂತ. ಇದೇ ಮಂಡಳಿ ೨೦೧೧ರಿಂದ ಯುವಕರಿಗೆ ಯಂತ್ರದ ಸಹಾಯದಿಂದ ಮರ ಹತ್ತುವ ತರಬೇತಿಯನ್ನೂ ಕೊಡುತ್ತ ಬಂದಿದೆ. ನಮ್ಮಲ್ಲಿ ಹತ್ತುವವರೇ ಸಿಗುವುದಿಲ್ಲ ಎಂದು ಎಲ್ಲ ತೋಟದವರೂ ದೂರುತ್ತಾರೆ. ಬಿದ್ದರೆ ಗತಿಯಿಲ್ಲದ ಕಸುಬಿಗೆ ಯಾವ ತಂದೆ ಮಗನನ್ನು ಕಳಿಸಿಯಾನು?

ಪಿಂಚಣಿ, ಹೆಸರು, ಖಾತೆ

೬೫ ವರ್ಷ ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ತಿಂಗಳಿಗೆ ೧,೨೦೦ ರೂಪಾಯಿ ಬರುತ್ತದೆ. ಈ ಯೋಜನೆ ೨೦೦೭ರಲ್ಲಿ ಆರಂಭವಾಯಿತು. ವಿಧವೆಯರಿಗೆ ತಿಂಗಳಿಗೆ ೮೦೦ ರೂಪಾಯಿ. ಅಂಗವಿಕಲರಿಗೆ ಊನದ ಪ್ರಮಾಣದ ಮೇಲೆ ಬೇರೆ ಬೇರೆ ದರ ಉಂಟು. ಇವಕ್ಕೆಲ್ಲ ನಾಡಕಚೇರಿಯಲ್ಲಿ ಅರ್ಜಿ. ಇದು ನಿಮಗೆ ಗೊತ್ತಿದೆ, ಹೆಚ್ಚು ಬರೆಯುವುದಿಲ್ಲ. ಅರ್ಜಿ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂಬುದೇ ಮುಖ್ಯ.

ಮೊದಲನೆಯದು ಹೆಸರು. ಹಳೆಯ ಮೈಸೂರಿನ ಪಹಣಿಯಲ್ಲಿ ಇಂಥವರು ಬಿನ್ ಇಂಥವರು, ಇಂಥವರು ಕೋಂ ಇಂಥವರು ಎಂದು ಬರೆಯುವ ಪದ್ಧತಿ. ಆಧಾರ್‌ನಲ್ಲಿ ಇಂಗ್ಲಿಷ್ ಅಕ್ಷರ ನೋಡಿ ಬರೆದ ಹೆಸರು. ಪಡಿತರ ಚೀಟಿಯಲ್ಲಿ ಮನೆಯಲ್ಲಿ ಕರೆಯುವ ಹೆಸರು. ಒಬ್ಬಳೇ ಮುದುಕಿ ಒಂದು ಕಾಗದದಲ್ಲಿ ಲಕ್ಷ್ಮಮ್ಮ, ಇನ್ನೊಂದರಲ್ಲಿ ಲಕ್ಷ್ಮೀದೇವಮ್ಮ, ಮತ್ತೊಂದರಲ್ಲಿ ದೊಡ್ಡಮ್ಮ ಆಗಿರುತ್ತಾಳೆ. ಊರಿಗೆ ಮೂರೂ ಒಬ್ಬಳೇ, ಯಂತ್ರಕ್ಕೆ ಮೂವರು. ಅರ್ಜಿ ಹಾಕುವ ಮೊದಲೇ ಮೂರೂ ಕಾಗದವನ್ನು ಜಗಲಿಯ ಮೇಲೆ ಹರಡಿ ಅಕ್ಷರ ಅಕ್ಷರ ಓದಿ ತಾಳೆ ನೋಡುವುದು ಹತ್ತನೆಯ ತರಗತಿ ಓದಿದ ಯಾವ ಹುಡುಗಿಯಾದರೂ ಮಾಡಬಲ್ಲ ಕೆಲಸ. ಇದನ್ನು ಮಾಡಿದರೆ ಎಷ್ಟೋ ಅರ್ಜಿಗಳ ಅರ್ಧ ಓಡಾಟ ಉಳಿಯುತ್ತದೆ. ಕೃಷಿ ಡಿಪ್ಲೊಮಾದಲ್ಲಿ ನಮಗೆ ಮಣ್ಣು ಪರೀಕ್ಷೆ ಕಲಿಸಿದರು, ಕಾಗದ ಪರೀಕ್ಷೆಯನ್ನು ಹಳ್ಳಿಯ ಹೆಂಗಸರೇ ಕಲಿಸಬೇಕಾಯಿತು.

ಎರಡನೆಯದು ಬ್ಯಾಂಕಿನ ಖಾತೆ. "ಮಂಜೂರಾಗಿದೆ ಎನ್ನುತ್ತಾರೆ, ಹಣ ಮಾತ್ರ ಬರಲಿಲ್ಲ" ಎಂಬ ದೂರು ಪ್ರತಿ ಹಳ್ಳಿಯಲ್ಲೂ ಕೇಳುತ್ತೇವೆ. ಇದರಲ್ಲಿ ಒಂದು ಸಣ್ಣ ಮರ್ಮವಿದೆ. ಆಧಾರ್ ಸಂಖ್ಯೆಯ ಮೂಲಕ ಕಳಿಸುವ ಹಣ ಒಂದೇ ಖಾತೆಗೆ ಹೋಗುತ್ತದೆ, ಅದೂ ಕೊನೆಯದಾಗಿ ಆಧಾರ್ ಜೋಡಿಸಿದ ಬ್ಯಾಂಕಿಗೆ. ಗುಂಪಿನ ಸಾಲಕ್ಕೆಂದೋ ಮತ್ತಾವುದಕ್ಕೋ ಹೊಸ ಬ್ಯಾಂಕಿನಲ್ಲಿ ಖಾತೆ ತೆರೆದು ಅಲ್ಲಿ ಆಧಾರ್ ಜೋಡಿಸಿದರೆ ಪಿಂಚಣಿಯೂ, ೨೦೨೩ರ ಆಗಸ್ಟ್‌ನಲ್ಲಿ ಆರಂಭವಾದ ಗೃಹಲಕ್ಷ್ಮಿಯ ೨,೦೦೦ ರೂಪಾಯಿಯೂ ಹಳೆಯ ಪುಸ್ತಕ ಬಿಟ್ಟು ಹೊಸ ಪುಸ್ತಕಕ್ಕೆ ಹೋಗುತ್ತವೆ. ಆಕೆ ಹಳೆಯ ಪುಸ್ತಕವನ್ನೇ ಹಿಡಿದು ಬ್ಯಾಂಕಿಗೆ ತಿರುಗುತ್ತಿರುತ್ತಾಳೆ. ಆದುದರಿಂದ ಹಣ ಬರಲಿಲ್ಲವೆಂದು ಕಚೇರಿಗೆ ಹೋಗುವ ಮೊದಲು ಮನೆಯಲ್ಲಿರುವ ಎಲ್ಲ ಪಾಸ್‌ಪುಸ್ತಕಗಳನ್ನೂ ತೆಗೆದು ಬರೆಸಿ ನೋಡಿ.

ಮೂರನೆಯದು ಸ್ವೀಕೃತಿ ಚೀಟಿ. ಸಕಾಲ ಕಾಯಿದೆ ೨೦೧೧ರಲ್ಲಿ ಬಂತು, ೨೦೧೨ರ ಏಪ್ರಿಲ್‌ನಿಂದ ರಾಜ್ಯದಲ್ಲೆಲ್ಲ ಜಾರಿಯಾಯಿತು. ಅದರಂತೆ ಗೊತ್ತುಪಡಿಸಿದ ಪ್ರತಿ ಸೇವೆಗೂ ದಿನಗಳ ಮಿತಿ ಉಂಟು. ಮಿತಿ ಮೀರಿದರೆ ದಿನಕ್ಕೆ ೨೦ ರೂಪಾಯಿಯಂತೆ, ೫೦೦ ರೂಪಾಯಿ ಮೀರದಂತೆ, ಅರ್ಜಿದಾರನಿಗೆ ಪರಿಹಾರ ಕೊಡಬೇಕು. ಹಣ ಸಣ್ಣದು. ಆದರೆ ಸಕಾಲ ಸಂಖ್ಯೆ ಇರುವ ಚೀಟಿ ಕೈಯಲ್ಲಿದ್ದರೆ "ಯಾವಾಗ ಆಗುತ್ತದೆ ಸ್ವಾಮಿ?" ಎಂದು ಕೇಳುವ ಬದಲು "ಇಂಥ ತಾರೀಖಿಗೆ ಆಗಬೇಕಾಗಿತ್ತು" ಎಂದು ಹೇಳಬಹುದು. ಈ ಎರಡು ಮಾತಿನ ನಡುವೆ ಎಷ್ಟು ಅಂತರವಿದೆ ಎಂಬುದು ಕಚೇರಿಯ ಕಿಟಕಿಯ ಮುಂದೆ ನಿಂತವರಿಗೆ ಗೊತ್ತು. ಬಾಯಿಮಾತಿನ ಅರ್ಜಿಗೆ ಬೆಲೆಯಿಲ್ಲ, ಚೀಟಿ ಪಡೆಯದೆ ಹಿಂತಿರುಗಬೇಡಿ.

ವಾರಕ್ಕೊಂದು ಸಂಜೆ

ಇದನ್ನೆಲ್ಲ ಯಾರು ಮಾಡಬೇಕು? ೧೯೩೯ರ ಸೆಪ್ಟೆಂಬರಿನಲ್ಲಿ ಬ್ರಿಟನ್ ಮಹಾಯುದ್ಧಕ್ಕೆ ಇಳಿದ ಮರುದಿನವೇ ಆ ದೇಶದಲ್ಲಿ ೨೦೦ ಕಡೆ ನಾಗರಿಕರ ಸಲಹಾ ಕೇಂದ್ರಗಳು ತೆರೆದವು. ಅಲ್ಲಿ ಕೂತವರು ಸರ್ಕಾರದ ನೌಕರರಲ್ಲ, ಊರಿನ ಸ್ವಯಂಸೇವಕರು. ಪಡಿತರ ಚೀಟಿ ಕಳೆದುಕೊಂಡವರು, ಮನೆ ಸುಟ್ಟುಹೋದವರು, ಯುದ್ಧಕ್ಕೆ ಹೋದ ಮಗನ ಸುದ್ದಿ ತಿಳಿಯದವರು ಬಂದು ಕೇಳುತ್ತಿದ್ದರು. ಕುದುರೆ ಸಾಗಿಸುವ ಗಾಡಿಯೊಂದನ್ನೇ ಕಚೇರಿ ಮಾಡಿಕೊಂಡು ಬಾಂಬು ಬಿದ್ದ ಕಡೆಗೆ ಹೋದದ್ದೂ ಉಂಟು. ಆ ಕೇಂದ್ರಗಳು ಇಂದಿಗೂ ನಡೆಯುತ್ತಿವೆ. ನಮ್ಮಲ್ಲಿ ಗಾಡಿಯೂ ಬೇಡ. ಹಾಲಿನ ಡೇರಿಯ ಕಟ್ಟೆ ಇದೆ, ವಾರಕ್ಕೊಂದು ಸಂಜೆ ಇದೆ, ಓದಿದ ಹುಡುಗ ಹುಡುಗಿಯರು ಇದ್ದಾರೆ.

ಈ ಕೆಲಸಕ್ಕೆ ಸ್ತ್ರೀಶಕ್ತಿ ಗುಂಪುಗಳೇ ಹೆಚ್ಚು ತಕ್ಕವು ಎಂಬುದು ನನ್ನ ಅಭಿಪ್ರಾಯ. ೨೦೦೦-೦೧ರಲ್ಲಿ ಅಂಗನವಾಡಿ ಕಾರ್ಯಕರ್ತೆಯರ ಮೂಲಕ ಇವು ಹುಟ್ಟಿದವು, ೧೫-೨೦ ಹೆಂಗಸರ ಗುಂಪು. ವಾರಕ್ಕೊಮ್ಮೆ ಸೇರುವ ರೂಢಿ ಆಗಲೇ ಇದೆ. ಗಂಡಸರ ಸಂಘದ ಸಭೆಗೆ ವಿಧವೆ ಬರಲಾರಳು, ಬಂದರೂ ಬಾಯಿ ಬಿಡಲಾರಳು. ಗುಂಪಿನಲ್ಲಿ ಆಕೆ ಉಳಿತಾಯದ ಹಣ ಕೊಡುವಾಗಲೇ ತನ್ನ ಕಷ್ಟವನ್ನೂ ಹೇಳುತ್ತಾಳೆ. ದುಡಿಯುವ ಗಂಡ ೬೦ ತುಂಬುವ ಮೊದಲೇ ತೀರಿಕೊಂಡರೆ ಬಡತನದ ರೇಖೆಗಿಂತ ಕೆಳಗಿರುವ ಮನೆಗೆ ರಾಷ್ಟ್ರೀಯ ಕುಟುಂಬ ನೆರವಿನ ೨೦,೦೦೦ ರೂಪಾಯಿ ಬರಬೇಕು. ತಿಥಿ ಮುಗಿಯುವ ಹೊತ್ತಿಗೆ ಇದನ್ನು ಆಕೆಗೆ ನೆನಪಿಸಿ ಮರಣ ಪತ್ರ ತೆಗೆಸಿಕೊಡುವವರು ಪಕ್ಕದ ಮನೆಯ ಹೆಂಗಸರೇ ಆಗಬೇಕು.

ಹೀಗೆ ಸಹಾಯಕ್ಕೆ ಕೂರುವವರು ಕೆಲವು ಕಟ್ಟುಪಾಡುಗಳನ್ನು ಮೊದಲೇ ಮಾಡಿಕೊಳ್ಳತಕ್ಕದ್ದು. ಕಾಗದದ ಮೂಲ ಪ್ರತಿಯನ್ನು ಸಂಘದಲ್ಲಿ ಇಟ್ಟುಕೊಳ್ಳಬಾರದು, ನಕಲು ಸಾಕು. ಪಾಸ್‌ಪುಸ್ತಕ, ಎಟಿಎಂ ಕಾರ್ಡು, ಫೋನಿಗೆ ಬರುವ ಗುಪ್ತ ಸಂಖ್ಯೆ ಇವುಗಳನ್ನು ಕೇಳಲೂಬಾರದು. ಬೆರಳಚ್ಚು ಒತ್ತಿಸಿಕೊಂಡರೆ ಅದು ಯಾವುದಕ್ಕೆ ಎಂದು ಗಟ್ಟಿಯಾಗಿ ಹೇಳಿ ಒತ್ತಿಸಬೇಕು. ಪಿಂಚಣಿ ಬಂದ ಮೇಲೆ "ನಮ್ಮ ಸಂಘದಿಂದ ಬಂತು, ಒಂದು ತಿಂಗಳದ್ದು ಸಂಘಕ್ಕೆ" ಎನ್ನುವುದು ಸಹಾಯವಲ್ಲ, ದಲ್ಲಾಳಿತನ. ಸಾಲದ ಬಾಕಿಗೆ ಪಿಂಚಣಿ ಹಿಡಿಯುವುದೂ ಹಾಗೆಯೇ. ಇನ್ನೂ ಒಂದು: ಅರ್ಹತೆ ಇಲ್ಲದವನಿಗೆ ಅರ್ಜಿ ಬರೆದುಕೊಡಬೇಡಿ. ಐದು ಎಕರೆ ತೆಂಗಿನ ಯಜಮಾನನ ಹೆಸರು ಬಡವರ ಪಟ್ಟಿಯಲ್ಲಿ ಸೇರಿದರೆ ಮುಂದೆ ಪರಿಶೀಲನೆ ಬಂದಾಗ ಆತನ ಜೊತೆಗೆ ನಿಜವಾದ ಬಡವರ ಹೆಸರಿಗೂ ಕತ್ತರಿ ಬೀಳುತ್ತದೆ.

ಕೊಬ್ಬರಿಯ ಬೆಂಬಲ ಬೆಲೆ

ಕೊನೆಗೆ ನಿಮ್ಮದೇ ವಿಷಯ. ೨೦೨೩ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ ೧೧,೭೫೦ ರೂಪಾಯಿ ಇದ್ದಾಗ ತಿಪಟೂರು ಪೇಟೆಯ ಧಾರಣೆ ೯,೦೦೦ಕ್ಕಿಂತ ಕೆಳಗೆ ಇಳಿದಿತ್ತು. ೨೦೨೪ರಲ್ಲಿ ಬೆಂಬಲ ಬೆಲೆ ೧೨,೦೦೦ ಆಯಿತು, ರಾಜ್ಯ ಸರ್ಕಾರ ಅದರ ಮೇಲೆ ೧,೫೦೦ ಕೊಡುವುದಾಗಿ ಹೇಳಿತು. ನೋಂದಣಿ ಕೇಂದ್ರಗಳಿಗೆ ಜನ ಮುಗಿಬಿದ್ದರು. ಕೆಲವೇ ದಿನಗಳಲ್ಲಿ ನೋಂದಣಿ ಮುಗಿಯಿತೆಂದರು, ಅಕ್ರಮದ ದೂರು ಬಂತು, ಮತ್ತೆ ಹೊಸದಾಗಿ ನೋಂದಣಿ ಮಾಡಿದರು. ಆ ಗದ್ದಲದಲ್ಲಿ ಹಿಂದೆ ಬೀಳುವವರು ಯಾರು? ರೈತರ ನೋಂದಣಿ ಸಂಖ್ಯೆಯಾದ ಫ್ರೂಟ್ಸ್ ಐಡಿ ಇಲ್ಲದವರು, ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಉಳಿದವರು. ಒಂದು ಎಕರೆ, ಅರ್ಧ ಎಕರೆಯವರೇ ಇದರಲ್ಲಿ ಹೆಚ್ಚು. ಪಾಲುಪಟ್ಟಿಗೆ ಖರ್ಚು ಮಾಡಲಾರದೆ ಅಣ್ಣತಮ್ಮಂದಿರು ಬಾಯಿಮಾತಿನಲ್ಲೇ ಮರ ಎಣಿಸಿ ಹಂಚಿಕೊಂಡಿರುತ್ತಾರೆ. ಮರ ಕಾಯಿ ಬಿಡುತ್ತದೆ, ಪಹಣಿ ಮಾತ್ರ ಅಜ್ಜನನ್ನು ಬಿಡುವುದಿಲ್ಲ.

೨೦೨೫ರಲ್ಲಿ ಪೇಟೆಯ ಧಾರಣೆ ಬೆಂಬಲ ಬೆಲೆಯನ್ನು ಬಹಳ ಹಿಂದೆ ಹಾಕಿ ಏರಿತು. ಖರೀದಿ ಕೇಂದ್ರದ ಮಾತನ್ನೇ ಯಾರೂ ಎತ್ತಲಿಲ್ಲ. ಧಾರಣೆ ಏರಿದ ವರ್ಷವೇ ಕಾಗದ ಸರಿಮಾಡಿಕೊಳ್ಳಲು ತಕ್ಕ ವರ್ಷ, ಕೈಯಲ್ಲಿ ನಾಲ್ಕು ಕಾಸು ಇರುತ್ತದೆ, ಕೇಂದ್ರದ ಮುಂದೆ ಸರತಿಯೂ ಇರುವುದಿಲ್ಲ. ಪತ್ತಿನ ಸಂಘದ ಕಾರ್ಯದರ್ಶಿಗಳು ತಮ್ಮ ಸಣ್ಣ ಹಿಡುವಳಿದಾರರಲ್ಲಿ ಯಾರ ಪಹಣಿ ಯಾರ ಹೆಸರಿನಲ್ಲಿದೆ ಎಂದು ಈಗಲೇ ಒಂದು ಪಟ್ಟಿ ಮಾಡಿ ಗ್ರಾಮ ಆಡಳಿತ ಅಧಿಕಾರಿಗೆ ಕೊಡಲಿ. ಪೌತಿ ಖಾತೆಗೆ ಬೇಕಾದುದು ಮರಣ ಪತ್ರ, ವಂಶವೃಕ್ಷ, ಪಹಣಿ ಮತ್ತು ವಾರಸುದಾರರ ಒಪ್ಪಿಗೆ. ಇವುಗಳಲ್ಲಿ ಕಷ್ಟವಾದದ್ದು ಕೊನೆಯದು. ಅದಕ್ಕೆ ಮದುವೆಯಾಗಿ ಹೋದ ಅಕ್ಕತಂಗಿಯರ ಸಹಿಯೂ ಬೇಕು, ಅವರಿಗೂ ಹಕ್ಕುಂಟು ಎಂಬುದನ್ನು ಮರೆಯಬೇಡಿ. ಹಬ್ಬಕ್ಕೆ ಎಲ್ಲರೂ ತವರಿಗೆ ಬಂದಾಗ ಕೂತು ಮಾತಾಡಿ, ಕಾಗದವನ್ನು ಮೊದಲೇ ಬರೆಸಿಟ್ಟುಕೊಂಡಿರಿ.